ಎಂಟು ವಾರಕ್ಕೆ ಬಂದವರು

ನಾನು ಕಾನೂನು ಓದಿದವಳಲ್ಲ. ಪಿಯುಸಿ ಮುಗಿಸಿ, ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿಕೊಂಡು, ಆರ್.ಟಿ. ನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿದ್ದ ವಕೀಲರ ಆಫೀಸಿಗೆ ಬೆರಳಚ್ಚು ಮಾಡಲು ಸೇರಿದೆ. ಅಲ್ಲಿಂದ ಹೊರಬಂದದ್ದು ಹೋದ ವರ್ಷ. ನಡುವೆ ಮೂವತ್ತನಾಲ್ಕು ವರ್ಷ ಕಳೆದುಹೋಯಿತು. ಬೆರಳಚ್ಚುಗಾರ್ತಿ ಯಾವಾಗ ಮುಖ್ಯ ಗುಮಾಸ್ತೆ ಆದಳು, ಸಂಬಳ ಎಷ್ಟು ಸಲ ಏರಿತು, ಅದೆಲ್ಲ ಇಲ್ಲಿ ಬೇಡ.

ಹೋದ ತಿಂಗಳು, ನನ್ನ ಜಾಗಕ್ಕೆ ಬಂದಿರುವ ಶಿಲ್ಪಾ ಫೋನ್ ಮಾಡಿದಳು. “ಅಕ್ಕಾ, ಏಪ್ರಿಲ್‌ನಲ್ಲಿ ಇಬ್ರು ಸ್ಟೂಡೆಂಟ್ಸ್ ಬರ್ತಾರಂತೆ, ಎಂಟು ವಾರ ಇರ್ತಾರಂತೆ. ನಂಗೆ ಏನ್ ಕೆಲ್ಸ ಕೊಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ನೀವು ಹೆಂಗ್ ಮಾಡ್ತಿದ್ರಿ, ಸ್ವಲ್ಪ ಬರ್ದ್ ಕಳ್ಸಿ.”

ಕೆಲಸಗಳ ಒಂದು ಪಟ್ಟಿ ಬರೆದು ಕಳಿಸಿದರಾಯಿತು ಎಂದು ಕೂತೆ. ಪಟ್ಟಿಗಿಂತ ಮೊದಲು ನೆನಪಾದದ್ದು ನನ್ನ ತಪ್ಪುಗಳು. ಹಾಗಾಗಿ ಇದು ಪಟ್ಟಿಯಾಗಲಿಲ್ಲ.

ಈ ವಿದ್ಯಾರ್ಥಿಗಳು ಯಾರು ಎಂದು ಮೊದಲು ಹೇಳಬೇಕು. ಯಲಹಂಕ ಉಪನಗರದಲ್ಲಿ ಒಂದು ಸಣ್ಣ ಸಂಸ್ಥೆಯಿದೆ. ಸೋಲಿಗರು, ಜೇನು ಕುರುಬರು, ಇರುಳಿಗರು ಮುಂತಾದ ಆದಿವಾಸಿ ಕುಟುಂಬಗಳಿಂದ ಬಂದು, ಪಿಯುಸಿ ಮುಗಿಸಿ, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಅಲ್ಲಿ ಊಟ, ವಸತಿ, ಪಾಠ. ಪ್ರತಿ ಬೇಸಿಗೆಯಲ್ಲಿ ಎಂಟು ವಾರ ಅವರನ್ನು ವಕೀಲರ ಆಫೀಸುಗಳಿಗೆ ಕೆಲಸ ಕಲಿಯಲು ಕಳಿಸುತ್ತಾರೆ. ಇದನ್ನು ನೋಡಿಕೊಳ್ಳುತ್ತಿದ್ದವರು ಲಲಿತಾ ಎಂಬುವರು. ಅವರು ನಮ್ಮ ಹಿರಿಯ ವಕೀಲರಾದ ಚನ್ನಕೇಶವ ಸಾರ್ ಮುಂದೆ ಬಂದು ಕೂತ ದಿನ ನಾನು ಪಕ್ಕದಲ್ಲೇ ಟೈಪ್ ಮಾಡುತ್ತಿದ್ದೆ.

“ಸಾರ್, ಈ ಮಕ್ಕಳ ಮನೆಯವ್ರು ವಕೀಲರನ್ನ ನೋಡಿರೋದು ತಮ್ಮ ಮೇಲೆ ಕೇಸು ಬಿದ್ದಾಗ ಮಾತ್ರ. ಅದೂ ದೂರದಿಂದ. ವಕೀಲರ ಆಫೀಸು ಒಳಗಿಂದ ಹೇಗಿರುತ್ತೆ ಅಂತ ಇವ್ರು ನೋಡ್ಲಿ,” ಎಂದರು ಲಲಿತಾ.

ಸಾರ್ ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಅದು ಅವರು ಒಪ್ಪುವ ರೀತಿ. “ಕಳ್ಸಿ. ಆದ್ರೆ ಇಲ್ಲಿ ಪಾಠ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ. ಸರೋಜಮ್ಮ ನೋಡ್ಕೊಳ್ತಾರೆ.”

ಹೀಗೆ, ಕಾನೂನು ಓದದ ನಾನು ಕಾನೂನು ಓದುವವರ ಮೇಷ್ಟ್ರಾದೆ.

ಮೊದಲು ಬಂದವನು ಮಾದೇಶ. ಹನೂರಿನ ಕಡೆಯ ಬೆಟ್ಟದವನು, ಸೋಲಿಗರ ಹುಡುಗ. ಹದಿನೆಂಟು ತುಂಬಿತ್ತು. ಹೇಳಿದ ಕೆಲಸಕ್ಕೆ ಎದುರಾಡುವವನಲ್ಲ. ಅದೇ ಅವನಿಗೆ ಮುಳುವಾಯಿತು. ಮೊದಲ ದಿನ ಝೆರಾಕ್ಸ್ ಮಾಡಿಸಿದೆ, ಚೆನ್ನಾಗಿ ಮಾಡಿದ. ಎರಡನೆಯ ದಿನವೂ ಮಾಡಿಸಿದೆ. ಕಕ್ಷಿದಾರರು ಬಂದರೆ ಕೆಳಗಿನಿಂದ ಟೀ ತರುವುದು, ಕಡತಗಳಿಗೆ ದಾರ ಕಟ್ಟುವುದು, ಸಾರ್ ಕೋಟನ್ನು ಇಸ್ತ್ರಿಗೆ ಕೊಟ್ಟು ಬರುವುದು. ನನಗೆ ದುರುದ್ದೇಶವಿರಲಿಲ್ಲ. ಪಾಪ, ಕೋರ್ಟಿನ ಭಾಷೆ ಇವನಿಗೆ ಹೇಗೆ ಗೊತ್ತಾಗಬೇಕು, ನಿಧಾನಕ್ಕೆ ಕಲಿಯಲಿ ಎಂದುಕೊಂಡಿದ್ದೆ. ಆ ‘ಪಾಪ’ ಎನ್ನುವ ಪದದಲ್ಲೇ ಎಂಟು ವಾರ ಕಳೆದುಹೋಯಿತು.

ಕೊನೆಯ ದಿನ ಲಲಿತಾ ಬಂದು ಎಲ್ಲರ ಮುಂದೆ ಕೇಳಿದರು, “ಏನ್ ಕಲಿತೆ ಮಾದೇಶ?”

ಅವನು ನಿಜವಾಗಿ ಯೋಚಿಸಿದ. ಆಮೇಲೆ ಹೇಳಿದ: “ಮಿಷಿನ್‌ನಲ್ಲಿ ಪೇಪರು ಸಿಕ್ಕಾಕ್ಕೊಂಡ್ರೆ ಹರೀದಂಗೆ ತೆಗೆಯೋದು ಕಲ್ತೆ ಮೇಡಂ.”

ಅವನು ವ್ಯಂಗ್ಯವಾಡಲಿಲ್ಲ. ಕಲಿತದ್ದನ್ನು ಹೇಳಿದ. ಲಲಿತಾ ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ. ಮಾದೇಶ ಆ ವರ್ಷ ಪ್ರವೇಶ ಪರೀಕ್ಷೆಗೆ ಕೂರಲೇ ಇಲ್ಲ. ಊರಿಗೆ ಹೋಗಿ ಶಿಕ್ಷಕರ ತರಬೇತಿಗೆ ಸೇರಿದ, ಈಗ ಅಲ್ಲೇ ಮೇಷ್ಟ್ರು. ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾನೆ. ಅವನಿಗೆ ನನ್ನ ಮೇಲೆ ಬೇಸರವಿಲ್ಲ. ನನಗಿದೆ.

ಮುಂದಿನ ಬೇಸಿಗೆಗೆ ಮೊದಲು ನಾನೇ ಸಾರ್ ಹತ್ತಿರ ಹೋಗಿ ಹೇಳಿದೆ: “ಈ ಸಲ ಬರೋರಿಗೆ ಒಂದು ಮೇಜು, ಒಂದು ಕುರ್ಚಿ ಬೇಕು ಸಾರ್. ಟೀ ತರೋಕೆ ಬೇಕರಿ ಹುಡುಗನಿಗೇ ಹೇಳಿದೀನಿ.” ಕಕ್ಷಿದಾರರು ತಂದ ಕಾಗದವನ್ನು ವಿದ್ಯಾರ್ಥಿ ಮೊದಲು ತಾನು ಓದಬೇಕು, ಆಮೇಲೆ ಅದರಲ್ಲೇನಿದೆ ಎಂದು ಕಕ್ಷಿದಾರರಿಗೇ ಆಡುಮಾತಿನಲ್ಲಿ ಹೇಳಬೇಕು ಎಂದು ನಿಯಮ ಮಾಡಿದೆ. ಹೇಳಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ. ಈ ನಿಯಮ ಬಂದ ಮೇಲೆ ಗೊತ್ತಾದ ಸಂಗತಿಯೆಂದರೆ, ನಮ್ಮ ಕಿರಿಯ ವಕೀಲರಲ್ಲೂ ಇಬ್ಬರಿಗೆ ಹಾಗೆ ಹೇಳಲು ಬರುತ್ತಿರಲಿಲ್ಲ.

ನಾನಿರುವುದು ಯಲಹಂಕದ ಹಳೇ ಟೌನಿನಲ್ಲಿ. ಬೆಳಿಗ್ಗೆ ವಿದ್ಯಾರ್ಥಿಗಳೂ ನಾನೂ ಒಂದೇ ಬಸ್ಸು ಹತ್ತುತ್ತಿದ್ದೆವು. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತರೆ ಅರ್ಧ ಗಂಟೆಯಂತೂ ಖಾತ್ರಿ. ಊರೆಲ್ಲ ಬೈಯುವ ಆ ಟ್ರಾಫಿಕ್ಕಿಗೆ ನಾನು ಋಣಿ. ವಾದಿ ಎಂದರೆ ಯಾರು, ಪ್ರತಿವಾದಿ ಎಂದರೆ ಯಾರು, ತಡೆಯಾಜ್ಞೆ ಏನನ್ನು ತಡೆಯುತ್ತದೆ, ಇಂಥದ್ದನ್ನೆಲ್ಲ ನಾವು ಮಾತಾಡಿದ್ದು ಹೆಬ್ಬಾಳ ಕೆರೆಯ ಪಕ್ಕ ನಿಂತ ಬಸ್ಸಿನಲ್ಲೇ. ಒಮ್ಮೆ ಕಂಡಕ್ಟರ್ ಬಂದು, “ಮೇಡಂ, ನಮ್ಮ ಭಾವಮೈದುನಂದೂ ಒಂದ್ ಪಾರ್ಟಿಷನ್ ಕೇಸ್ ಐತೆ, ಸ್ವಲ್ಪ ಕೇಳ್ಲಾ?” ಎಂದ.

ಆ ಎರಡನೆಯ ಬೇಸಿಗೆಯಲ್ಲಿ ಬಂದವನು ಸಣ್ಣಯ್ಯ, ಎಚ್.ಡಿ. ಕೋಟೆ ಕಡೆಯ ಜೇನು ಕುರುಬರವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನನ್ನು ಒಂದು ಸರ್ಕಾರಿ ಕಚೇರಿಗೆ ಕಳಿಸಿದೆ. ಜಮೀನೊಂದರ ಮೇಲೆ ಯಾವ ಸಾಲ, ಯಾವ ಮಾರಾಟ ಆಗಿದೆ ಎಂಬುದರ ನಕಲು ತರಬೇಕಿತ್ತು. ಸಂಜೆ ಬರಿಗೈಯಲ್ಲಿ ಬಂದ. ಮರುದಿನವೂ ಬರಿಗೈ. ಮೂರನೆಯ ದಿನವೂ ಅಷ್ಟೆ. “ಏನೋ ಮಾಡ್ತಿದೀಯ ಅಲ್ಲಿ?” ಎಂದರೆ, “ಸಾಲು ಉದ್ದ ಅದೆ ಅಕ್ಕ,” ಎಂದಷ್ಟೇ.

ನಾಲ್ಕನೆಯ ದಿನ ನಾನೇ ಹೋದೆ. ಸಣ್ಣಯ್ಯ ಸಾಲಿನಲ್ಲಿರಲಿಲ್ಲ. ಕಿಟಕಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಒಬ್ಬ ಅಜ್ಜನ ಅರ್ಜಿ ತುಂಬಿಸುತ್ತಿದ್ದ. ಅವನ ಹಿಂದೆ ಇನ್ನೂ ಐದಾರು ಜನ. ಅರ್ಜಿ ತಪ್ಪಾಗಿದೆ ಎಂದು ಕಿಟಕಿಯಿಂದ ವಾಪಸ್ಸಾದವರೆಲ್ಲ ಇವನ ಹತ್ತಿರ ಬರುತ್ತಿದ್ದರು. ಮೂರು ದಿನ ಅದನ್ನೇ ಮಾಡಿದ್ದನಂತೆ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒಳಗಿದ್ದ ಗುಮಾಸ್ತರು ಕಿಟಕಿಯಿಂದ ತಲೆ ಹಾಕಿ, “ಏಯ್ ತಮ್ಮಾ, ಬಾ ಇಲ್ಲಿ. ನಿಂದು ರೆಡಿಯಾಗಿದೆ ತಗೋ,” ಎಂದು ನಕಲು ಕೊಟ್ಟರು. ನನ್ನ ಕಡೆ ತಿರುಗಿ, “ಇವ್ನು ಬಂದಾಗಿಂದ ಸರಿಯಾಗಿ ತುಂಬಿದ ಅರ್ಜಿಗಳೇ ಬರ್ತಿದಾವೆ ಮೇಡಂ. ಸೋಮವಾರನೂ ಕಳಿಸ್ತೀರಾ?” ಎಂದರು.

ಬಸ್ಸಿನಲ್ಲಿ ಕೇಳಿದೆ, “ನಿನ್ನ ಕೆಲ್ಸ ಬಿಟ್ಟು ಅವರಿವರದ್ದು ಯಾಕೆ ಮಾಡ್ದೆ?” ಅವನು ಕಿಟಕಿಯಾಚೆ ನೋಡುತ್ತ, “ಅವ್ರೆಲ್ಲ ನಮ್ಮಪ್ಪನ ತರ ನಿಂತಿದ್ರು ಅಕ್ಕ,” ಎಂದ. ಅಂದಿನ ಹತ್ತು ಮಾತುಗಳಲ್ಲಿ ಐದು ಖರ್ಚಾಗಿದ್ದವು. ಸಣ್ಣಯ್ಯ ಈಗ ಮೈಸೂರಿನಲ್ಲಿ ವಕೀಲ. ಅವನು ವಾದ ಮಾಡಿದರೆ ಚುಟುಕು, ನ್ಯಾಯಾಧೀಶರಿಗೆ ಅದು ಇಷ್ಟವಂತೆ.

ಇನ್ನು ಮಾದೇವಿಯ ವಿಷಯ.

ಅವಳು ಚಾಮರಾಜನಗರದ ಬೆಟ್ಟದ ಪೋಡಿನವಳು. ಪೋಡು ಎಂದರೆ ಸೋಲಿಗರ ಹಾಡಿ, ಕಾಡಿನಂಚಿನ ಸಣ್ಣ ಊರು. ಸಣ್ಣ ಆಳು, ದೊಡ್ಡ ಕನ್ನಡಕ, ಕೈಯಲ್ಲಿ ಯಾವಾಗಲೂ ಒಂದು ಉದ್ದನೆಯ ನೋಟುಪುಸ್ತಕ. ಓದಿದ್ದು ಅರ್ಥವಾಗದಿದ್ದರೆ ಸುಮ್ಮನಾಗುವ ಜಾತಿಯಲ್ಲ. “ಗೊತ್ತಾಗ್ನಿಲ್ಲ ಕಣಕ್ಕ, ಇನ್ನೊಂದ್ಸಲ ಹೇಳಿ,” ಎನ್ನುತ್ತಿದ್ದಳು. ಮೂರನೆಯ ಸಲ ಹೇಳುವಾಗ ನನಗೇ ಗೊತ್ತಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು.

ಅವಳು ಬಂದ ಎರಡನೆಯ ವಾರ ಹುಣಸಮಾರನಹಳ್ಳಿಯ ಮುನಿರಾಜು ಬಂದರು. ಜಮೀನ್ದಾರರು, ಈಗ ಅಪಾರ್ಟ್‌ಮೆಂಟ್ ಕಟ್ಟಿಸುವವರು, ಸಾರ್‌ಗೆ ಹಳೆಯ ಕಕ್ಷಿದಾರರು. ಮಾದೇವಿ ಕಾಗದಕ್ಕೆ ಕೈ ಚಾಚಿದಳು. ಅವರು ಕೊಡದೆ ಸಾರ್ ಕಡೆ ನೋಡಿ, “ಈ ಉಡುಗಿ ಯಾರ್ ಕಡೇವ್ಳು ಸಾ? ಯಾವ ಜನ?” ಎಂದರು.

ಸಾರ್ ತಲೆ ಎತ್ತಲಿಲ್ಲ. “ನಮ್ಮ ಆಫೀಸಿನ ಜನ. ಕಾಗದ ಅವಳ ಕೈಗೆ ಕೊಡಿ, ಓದಿ ಹೇಳ್ತಾಳೆ. ಆಮೇಲೆ ನಾನು ಮಾತಾಡ್ತೀನಿ.”

ಮುನಿರಾಜು ಕೊಟ್ಟರು. ಅವಳು ಓದಿ, ನೋಟೀಸಿನಲ್ಲಿ ಏನು ಕೇಳಿದ್ದಾರೆ, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಎಂದು ಅವರಿಗೆ ತಿಳಿಯುವಂತೆ ಹೇಳಿದಳು. ಅವರು ಕಾಗದ ಮಡಚಿಕೊಂಡು ಸಾರ್ ಕಡೆ ತಿರುಗಿದರು. ಆದರೆ ಮುಂದಿನ ಸಲ ಬಂದಾಗ ಬಾಗಿಲಲ್ಲೇ ನಿಂತು, “ಆ ಓದೋ ಉಡುಗಿ ಇಲ್ವಾ?” ಎಂದು ಕೇಳಿದರು.

ಆಗ ನಮ್ಮಲ್ಲಿ ಗೌರಮ್ಮನ ದಾವೆ ನಡೆಯುತ್ತಿತ್ತು. ಗೌರಮ್ಮ ರಾಜಾನುಕುಂಟೆಯ ವಿಧವೆ. ಗಂಡ ಬದುಕಿದ್ದಾಗ ಆಕೆಯ ಹೆಸರಿಗೇ ಕ್ರಯಪತ್ರ ಮಾಡಿಸಿ ಕೊಂಡ ಇಪ್ಪತ್ತು ಗುಂಟೆ ಜಮೀನಿತ್ತು. ಹಳೆಯ ಗಾಡಿ ದಾರಿಯ ಪಕ್ಕದಲ್ಲಿ, ಹೂವು ಬೆಳೆಯುತ್ತಿದ್ದರು. ಆ ಜಮೀನಿನ ಒಂದು ಪಟ್ಟಿಯನ್ನು ಒಳಗೆ ಸೇರಿಸಿಕೊಂಡು ಲೇಔಟಿನವರೊಬ್ಬರು ಕಾಂಪೌಂಡ್ ಎಬ್ಬಿಸಿದ್ದರು. ನಾಲ್ಕು ವರ್ಷದಿಂದ ದಾವೆ. ಈಗ ಕೋರ್ಟು ಕಮಿಷನರೊಬ್ಬರನ್ನು ನೇಮಿಸಿತ್ತು, ಎಂದರೆ ಸ್ಥಳಕ್ಕೆ ಹೋಗಿ ಅಳೆದು ವರದಿ ಕೊಡುವವರು. ಆ ವರದಿಯ ಮೇಲೆ ಕೇಸು ನಿಂತಿತ್ತು. ಅಳತೆಗೆ ಹತ್ತು ದಿನ ಉಳಿದಿತ್ತು.

ಅದಕ್ಕೆ ಮೊದಲು ಜಾಗವನ್ನೊಮ್ಮೆ ನೋಡಿ ಬರೋಣವೆಂದು ಸಾರ್ ಶನಿವಾರ ಹೊರಟರು. ಮಾದೇವಿಯನ್ನೂ ನನ್ನನ್ನೂ ಕರೆದುಕೊಂಡರು. ಕ್ರಯಪತ್ರದಲ್ಲಿ ಮೂಲೆಗೊಂದು ಮರವಿದೆ ಎಂದು ಬರೆದಿತ್ತು, ಈಗ ಅಲ್ಲಿ ಮರವೂ ಇಲ್ಲ, ಬೊಡ್ಡೆಯೂ ಇಲ್ಲ. ಸಾರ್ ಮಾದೇವಿಯನ್ನು ಕರೆದರು.

“ನೀನು ನೋಡಮ್ಮ. ಕಾಡಲ್ಲಿ ಬೆಳೆದೋಳು, ನೆಲ ನೋಡಿದ್ರೆ ತಿಳಿಯತ್ತಲ್ವ, ಮರ ಎಲ್ಲಿತ್ತು ಅಂತ?”

ಮಾದೇವಿ ಕನ್ನಡಕ ಸರಿ ಮಾಡಿಕೊಂಡಳು. “ಸಾರ್, ನಾನು ಒಂದ್ನೇ ಕ್ಲಾಸಿಂದ ಹಾಸ್ಟೆಲ್‌ನಲ್ಲಿ ಬೆಳ್ದೋಳು. ಮರದ ವಿಚಾರ ನಮ್ಮವ್ವನ್ನ ಕೇಳ್ಬೇಕು. ನಂಗೆ ಪತ್ರ ಕೊಡಿ, ಓದ್ತೀನಿ.”

ಗೌರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಾರ್ ಕೂಡ ಮುಖ ಕೆಂಪಗೆ ಮಾಡಿಕೊಂಡು ನಕ್ಕರು. ಅವತ್ತಿನಿಂದ ಅವರು ಅವಳ ಹತ್ತಿರ ಮರದ ಮಾತೆತ್ತಲಿಲ್ಲ.

ಸೋಮವಾರ ಅವಳು ಆ ದಾವೆಯ ಕಡತ ಹಿಡಿದು ಕೂತಳು. ಮಧ್ಯಾಹ್ನ ನನ್ನ ಮೇಜಿಗೆ ಬಂದು ಪ್ರತಿವಾದಿಯ ಹೇಳಿಕೆಯಲ್ಲಿ ಒಂದು ಸಾಲು ತೋರಿಸಿದಳು. ‘ವಾದಿಯು ಹೇಳಿರುವ ಚೆಕ್ಕುಬಂದಿಯೊಳಗೆ ವಾದಿಗೆ ಸೇರಿದ ಯಾವುದೇ ಸ್ವತ್ತು ಇರುವುದಿಲ್ಲ.’ ಚೆಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎನ್ನುವ ವಿವರ.

“ಹಿಂಗ್ಯಾಕೆ ಬರ್ದವ್ರೆ ಅಕ್ಕ? ಜಮೀನು ನಾವೇ ನೋಡ್ಕಂಡ್ ಬಂದ್ವಲ್ಲ?”

“ಅದು ಎಲ್ಲರೂ ಬರೆಯೋ ಸಾಲು ಕಣೆ. ನಾವೂ ಬರೀತೀವಿ. ಮುಂದೆ ಓದು,” ಎಂದೆ. ಇಪ್ಪತ್ತಕ್ಕೂ ಹೆಚ್ಚು ವರ್ಷದಲ್ಲಿ ಆ ಸಾಲನ್ನು ನಾನೇ ಸಾವಿರ ಸಲ ಟೈಪ್ ಮಾಡಿರಬೇಕು. ಅದಕ್ಕೆ ಅರ್ಥವಿದೆಯೆಂದೇ ಮರೆತುಹೋಗಿತ್ತು.

ಅವಳು ಮುಂದೆ ಓದಲಿಲ್ಲ. ಒಂದು ಗಂಟೆ ಕಳೆದ ಮೇಲೆ ಮತ್ತೆ ಬಂದಳು. ನೋಟುಪುಸ್ತಕದಲ್ಲಿ ಎರಡು ಚಿತ್ರ ಬರೆದಿದ್ದಳು.

“ನಾನೇ ತಪ್ಪು ಓದಿದೀನೇನೋ ಅಕ್ಕ. ಮೂರ್ ಸಲ ನೋಡ್ದೆ. ಕ್ರಯಪತ್ರದಲ್ಲಿ ಪೂರ್ವಕ್ಕೆ ಮುನಿಯಪ್ಪನ ಜಮೀನು, ಪಶ್ಚಿಮಕ್ಕೆ ಗಾಡಿ ದಾರಿ ಅಂತದೆ. ನಮ್ಮ ದಾವೆಯಲ್ಲಿ ಪೂರ್ವಕ್ಕೆ ದಾರಿ, ಪಶ್ಚಿಮಕ್ಕೆ ಮುನಿಯಪ್ಪನ ಜಮೀನು ಅಂತದೆ.”

ನಾನು ಕಾಗದಗಳನ್ನು ಎಳೆದುಕೊಂಡೆ. ಅವಳು ಹೇಳಿದ್ದು ನಿಜ. ಪೂರ್ವ, ಪಶ್ಚಿಮ ಅದಲುಬದಲಾಗಿತ್ತು. ನಮ್ಮ ದಾವೆಯ ಪ್ರಕಾರ ಗೌರಮ್ಮನ ಜಮೀನು ದಾರಿಯ ಆ ಬದಿಗೆ, ಬೇರೆ ಯಾರದೋ ನೆಲದ ಮೇಲೆ ಬೀಳುತ್ತಿತ್ತು. ಕಮಿಷನರ್ ಈ ಕಾಗದ ಹಿಡಿದು ಹೋಗಿ ಆ ಬದಿಯನ್ನು ಅಳೆದು, ‘ಇಲ್ಲಿ ವಾದಿಯ ಸ್ವತ್ತಿಲ್ಲ’ ಎಂದು ಬರೆದಿದ್ದರೆ ಅದು ಅಕ್ಷರಶಃ ಸತ್ಯವಾಗಿರುತ್ತಿತ್ತು.

ಕಡತದ ತಳದಲ್ಲಿ ಕೈಬರಹದ ಕರಡು ಇತ್ತು. ಅದರಲ್ಲಿ ದಿಕ್ಕು ಸರಿಯಾಗಿತ್ತು. ತಪ್ಪಿದ್ದು ಟೈಪ್ ಮಾಡುವಾಗ. ಆಫೀಸು ಪ್ರತಿಯ ಮೂಲೆಯಲ್ಲಿ ಟೈಪ್ ಮಾಡಿದವರ ಸಣ್ಣ ಸಹಿ ಇರುತ್ತದೆ. ಅದು ನನ್ನದು.

ಶಿಲ್ಪಾ, ಇದನ್ನು ನಿನಗೆ ಸರಿಯಾಗಿ ಹೇಳಬೇಕು. ಸಾರ್ ಎಂಥವರೆಂದರೆ, ಕಿರಿಯ ವಕೀಲರು ಬರೆದ ಒಂದು ಅಲ್ಪವಿರಾಮವನ್ನೂ ಬಿಡುತ್ತಿರಲಿಲ್ಲ. ಕೆಂಪು ಪೆನ್ನಿನಲ್ಲಿ ಪುಟವನ್ನೇ ರಣರಂಗ ಮಾಡಿಬಿಡುತ್ತಿದ್ದರು. ಆದರೆ ಅಂತಿಮ ಪ್ರತಿಯನ್ನು ಮಾತ್ರ ಓದದೆ ಸಹಿ ಹಾಕುತ್ತಿದ್ದರು. “ಸರೋಜಮ್ಮ ಟೈಪ್ ಮಾಡಿದ್ರೆ ಮತ್ತೆ ಓದೋದು ಬೇಡ,” ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ನನ್ನ ಬಾಳಿನಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ. ಆ ಕರಡು ಬರೆದ ಕಿರಿಯ ವಕೀಲರು ಆಫೀಸು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಅವರ ಹೆಸರು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಕೈಬರಹದ ಆ ಹಾಳೆ ಕಡತದಲ್ಲಿ ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ದೂರ ನನ್ನ ಮನಸ್ಸು ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮಾದೇವಿ ನನ್ನ ಮುಂದೆಯೇ ನಿಂತಿದ್ದಳು. ನನ್ನ ಸಹಿಯನ್ನು ಅವಳೂ ಗುರುತಿಸಿದ್ದಳು, ಅವಳ ಕಣ್ಣು ಹೇಳುತ್ತಿತ್ತು. ಮೆಲ್ಲಗೆ, “ಸಾರ್‌ಗೆ ಹೇಳ್ಬೇಕಾ ಅಕ್ಕ?” ಎಂದಳು. ನಾನು ಬೇಡ ಎಂದಿದ್ದರೆ ಅವಳು ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ಆದರೆ ವಕೀಲಿ ಎಂದರೆ ಏನು ಎಂದು ಅವಳು ಕಲಿಯುವುದು ನನ್ನ ಮುಂದಿನ ಮಾತಿನಿಂದ ಎನ್ನುವುದು ಗೊತ್ತಿತ್ತು.

“ಬಾ, ಇಬ್ಬರೂ ಹೋಗೋಣ,” ಎಂದೆ.

ಸಾರ್ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. “ನಾನೇ ಟೈಪ್ ಮಾಡಿದ್ದು ಸಾರ್. ತಪ್ಪು ನಂದು,” ಎಂದೆ. ಅವರು ಕೊನೆಯ ಪುಟ ತಿರುವಿ ತಮ್ಮ ಸಹಿ ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ, “ಸಹಿ ಹಾಕಿದ್ದು ನಾನು,” ಎಂದರು. ಆಮೇಲೆ ಮಾದೇವಿಯ ಕಡೆ ತಿರುಗಿದರು. “ನೀನು ಕಂಡುಹಿಡಿದಿದ್ದಾ?”

“ಅವ್ರು ಜಮೀನೇ ಇಲ್ಲ ಅಂತ ಬರ್ದಿದ್ರಲ್ಲ ಸಾರ್. ಯಾಕಿರಬಾರ್ದು ಅಂತ ನೋಡ್ದೆ.”

“ಸರಿ. ದಾವೆ ತಿದ್ದೋಕೆ ಕೋರ್ಟಿಗೆ ಅರ್ಜಿ ಹಾಕ್ಬೇಕು. ಮೊದಲ ಕರಡು ನೀನು ಬರಿ.”

“ನಾನಾ ಸಾರ್?”

“ತಪ್ಪು ಎಲ್ಲಿದೆ ಅಂತ ಈ ಆಫೀಸಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋದು ನಿಂಗೇ.”

ಅವಳು ಬರೆದಳು. ಸಾರ್ ಹೊಡೆದುಹಾಕಿದರು. ಮತ್ತೆ ಬರೆದಳು. ಕೆಂಪು ಶಾಯಿ ಬಿದ್ದಷ್ಟೂ ಅವಳ ಹುರುಪು ಏರುತ್ತಿತ್ತು. ನಾಲ್ಕನೆಯ ಕರಡಿನಲ್ಲಿ ಒಂದೇ ಕಡೆ ಸಾರ್ ಪೆನ್ನು ನಿಂತಿತು. “‘ಕಣ್ತಪ್ಪಿನಿಂದ ಹೀಗಾಗಿದೆ’ ಅಂತ ಬರ್ದಿದೀಯ. ಯಾರ ಕಣ್ಣು?”

ಮಾದೇವಿ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು.

“ನನ್ನ ಹೆಸ್ರು ಬರಿ ಮಾದೇವಿ,” ಎಂದೆ. “ಹೆಸರಿಲ್ಲದ ತಪ್ಪನ್ನ ಕೋರ್ಟು ನಂಬಲ್ಲ.” ಅರ್ಜಿಯ ಜೊತೆಗೆ, ತಪ್ಪು ನನ್ನದೇ ಎಂದು ಆಣೆಯಿಟ್ಟು ಹೇಳುವ ನನ್ನ ಪ್ರಮಾಣಪತ್ರವೂ ಸೇರಿತು. ಅದನ್ನೂ ಅವಳೇ ಬರೆದಳು, ನಾನು ಟೈಪ್ ಮಾಡಿದೆ. ಈ ಸಲ ಸಾರ್ ಓದಿ ಸಹಿ ಹಾಕಿದರು. ಅಲ್ಲಿಂದ ಮುಂದೆ ನಮ್ಮ ಆಫೀಸಿನಿಂದ ಹೊರಟ ಪ್ರತಿ ಕಾಗದದ ಚೆಕ್ಕುಬಂದಿಯನ್ನೂ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಮೂಲಪತ್ರದಲ್ಲಿ ಬೆರಳಿಟ್ಟು ನೋಡುವುದು ಪದ್ಧತಿಯಾಯಿತು. ಈಗ ಎಲ್ಲ ಕಂಪ್ಯೂಟರಿನಲ್ಲೇ ಫೈಲ್ ಆಗುತ್ತದೆ, ಕಂಪ್ಯೂಟರು ಅಕ್ಷರ ತಪ್ಪಿದರೆ ಕೆಂಪು ಗೆರೆ ಎಳೆಯುತ್ತದೆ. ಪೂರ್ವ ಪಶ್ಚಿಮವಾದರೆ ಎಳೆಯುವುದಿಲ್ಲ. ಆ ಪದ್ಧತಿಯನ್ನು ಬಿಡಬೇಡ.

ವಿಚಾರಣೆಯ ದಿನ ನಾವೆಲ್ಲ ಕೋರ್ಟಿಗೆ ಹೋದೆವು. ಗೌರಮ್ಮ ನನ್ನ ಪಕ್ಕ, ಮಾದೇವಿ ಹಿಂದಿನ ಬೆಂಚಿನಲ್ಲಿ. ಎದುರಿನ ವಕೀಲರು ಎದ್ದು ಜೋರಾಗಿಯೇ ವಾದಿಸಿದರು. ನಾಲ್ಕು ವರ್ಷ ಸುಮ್ಮನಿದ್ದು ಅಳತೆಯ ಹೊಸ್ತಿಲಲ್ಲಿ ಎಚ್ಚೆತ್ತಿದ್ದಾರೆ, ದಾವೆಯ ಸ್ವರೂಪವನ್ನೇ ಬದಲಿಸುತ್ತಿದ್ದಾರೆ, ಒಪ್ಪಬಾರದು ಎಂದರು. ಅರ್ಜಿ ತಿರಸ್ಕಾರವಾದರೆ ಆ ಹೆಂಗಸಿನ ಜಮೀನು ನನ್ನ ಎರಡು ಪದಗಳಲ್ಲಿ ಹೋದಂತೆ.

ನ್ಯಾಯಾಧೀಶರು ಪ್ರಮಾಣಪತ್ರ ತಿರುವಿ ನೋಡಿ, “ಸರೋಜಮ್ಮ ಯಾರು?” ಎಂದರು. ನಾನು ಎದ್ದು ನಿಂತೆ.

“ಇದನ್ನ ನೀವೇ ಟೈಪ್ ಮಾಡಿದ್ದಾ?”

“ಹೌದು ಸ್ವಾಮಿ.”

“ತಪ್ಪು ಗೊತ್ತಾಗಿದ್ದು ಹೇಗೆ?”

“ನಮ್ಮ ಆಫೀಸಿಗೆ ಕೆಲಸ ಕಲಿಯೋಕೆ ಬಂದಿರೋ ಹುಡುಗಿ ಕಂಡುಹಿಡಿದಳು ಸ್ವಾಮಿ. ಲಾ ಕಾಲೇಜು ಪರೀಕ್ಷೆಗೆ ಓದ್ತಿದಾಳೆ.” ನಾನು ಹಿಂದಕ್ಕೆ ಕೈ ತೋರಿಸಿದೆ. ಮಾದೇವಿ ನೋಟುಪುಸ್ತಕವನ್ನು ಎದೆಗೊತ್ತಿಕೊಂಡು ಎದ್ದು ನಿಂತಳು.

ನ್ಯಾಯಾಧೀಶರು ಅವಳನ್ನು ನೋಡಿ, ಆಮೇಲೆ ಎರಡೂ ಕಡೆಯ ವಕೀಲರನ್ನು ನೋಡಿದರು. “ಕ್ರಯಪತ್ರ ಮೊದಲ ದಿನದಿಂದ ಕಡತದಲ್ಲೇ ಇದೆ. ನಾಲ್ಕು ವರ್ಷದಲ್ಲಿ ಅದನ್ನ ತೆಗೆದು ಓದಿದವರು ಈ ಮಗು ಒಬ್ಬಳೇನಾ?”

ನಮ್ಮ ಸಾರ್ ತಲೆ ಬಾಗಿಸಿದರು. ಇದು ಬೆರಳಚ್ಚಿನ ದೋಷ, ಸ್ವತ್ತು ಬದಲಾಗುವುದಿಲ್ಲ ಎಂದು ಹೇಳಿ ನ್ಯಾಯಾಧೀಶರು ಅರ್ಜಿಯನ್ನು ಒಪ್ಪಿದರು. ತಿದ್ದಿದ ವಿವರದ ಮೇಲೆಯೇ ಅಳತೆ ನಡೆಯಲಿ ಎಂದು ಆದೇಶವಾಯಿತು.

ಹೊರಗೆ ಬಂದ ಮೇಲೆ ಗೌರಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದವಳು ಮಾದೇವಿಯೇ. ನನ್ನ ತಪ್ಪನ್ನೂ ಸೇರಿಸಿ. ಗೌರಮ್ಮ ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿ, “ಓಗ್ಲಿ ಬುಡವ್ವ, ಅಡುಗೆ ಮಾಡೋಳ್ ಕೈ ತಾನೇ ಸುಡೋದು,” ಎಂದಳು.

ಅಳತೆಯ ದಿನ ರಾಜಾನುಕುಂಟೆಯಲ್ಲಿ ಅರ್ಧ ಊರು ಸೇರಿತ್ತು. ಮೂರು ಕಾಲಿನ ಯಂತ್ರ ನಿಲ್ಲಿಸಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಳೆದರು. ಲೇಔಟಿನವರ ಕಾಂಪೌಂಡಿನ ಒಳಗೆ ಕೆಂಪು ಬಣ್ಣದ ಗೂಟ ನೆಟ್ಟರು. ಅಲ್ಲಿಯವರೆಗೆ ಗೌರಮ್ಮನದು. ಆಕೆ ಚಪ್ಪಲಿ ಬಿಟ್ಟು, ತೆರೆದಿದ್ದ ಗೇಟಿನಿಂದ ಒಳಗೆ ನಡೆದು ಹೋಗಿ ಆ ಗೂಟದ ಪಕ್ಕ ನಿಂತಳು. ಕಾವಲುಗಾರ ತಡೆಯಲು ಬಂದವನು ಹಿಂದೆ ಸರಿದ.

“ನಾನ್ ಏಳ್ದಾಗ ಯಾರೂ ನಂಬ್ಲಿಲ್ಲ. ಈಗ ಆ ಮಿಸಿನ್ ಏಳ್ತು ನೋಡು, ನಂಬ್ತಾರೆ,” ಎಂದಳು. ಆಮೇಲೆ ಮಾದೇವಿಯನ್ನು ಕೂಗಿದಳು. “ಬಾರವ್ವ, ನೀನೂ ಬಂದು ನಿಂತ್ಕೋ. ನಿಂದೂ ಐತೆ ಇದ್ರಾಗೆ.”

ಆ ವರ್ಷ ಮಾದೇವಿಗೆ ಸೀಟು ಸಿಗಲಿಲ್ಲ. ಇದನ್ನು ಮುಚ್ಚಿಡುವುದು ಬೇಡ. ಇಂಗ್ಲಿಷ್ ಪ್ರಶ್ನೆಗಳಲ್ಲಿ ಹಿಂದೆ ಬಿದ್ದಳು. ಊರಿಗೆ ಹೋಗಿಬಿಡುತ್ತಾಳೇನೋ ಎಂದು ನಾನು ಹೆದರಿದೆ. ಅವಳು ಹೋಗಲಿಲ್ಲ. ಇನ್ನೊಂದು ವರ್ಷ ಓ​ದುತ್ತ, ಬೇಸಿಗೆಯಲ್ಲಿ ಮತ್ತೆ ಎಂಟು ವಾರ ನಮ್ಮಲ್ಲಿಗೇ ಬಂದಳು. ಹೆಬ್ಬಾಳದ ಬಸ್ಸಿನಲ್ಲಿ ನಾನು ಇಂಗ್ಲಿಷ್ ಪತ್ರಿಕೆ ಹಿಡಿದು ಅವಳ ಪರೀಕ್ಷೆ ತೆಗೆದುಕೊಳ್ಳುತ್ತಿದ್ದೆ. ಎರಡನೆಯ ಸಲ ಫಲಿತಾಂಶ ಬಂದಾಗ ಸಾರ್ ಕೆಳಗಿನ ಬೇಕರಿಯಿಂದ ತಾವೇ ಹೋಗಿ ದೊಡ್ಡ ಕೇಕು ತಂದರು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರಿಗೆ ಏದುಸಿರು. “ಐದು ವರ್ಷ ಓದಿ ಬಂದು ನನ್ನ ಡ್ರಾಫ್ಟಿಗೇ ಕೆಂಪು ಪೆನ್ನು ಹಿಡೀತಾಳೆ ನೋಡ್ತಿರಿ,” ಎಂದರು, ಹೆಮ್ಮೆಯಿಂದ.

ಗೌರಮ್ಮನ ಪರವಾಗಿ ತೀರ್ಪು ಬಂದಾಗ ಮಾದೇವಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಲೇಔಟಿನವರು ಗೋಡೆ ಒಡೆದು ಹಿಂದಕ್ಕೆ ಕಟ್ಟಿಕೊಂಡರು. ಓದು ಮುಗಿಸಿ, ವಕೀಲಿಯ ಸನ್ನದು ಪಡೆದು, ಬೇರೊಬ್ಬರ ಬಳಿ ಎರಡು ವರ್ಷ ಕಿರಿಯ ವಕೀಲೆಯಾಗಿದ್ದು, ಅವಳು ಯಲಹಂಕದಲ್ಲಿ ಗೆಳತಿಯೊಬ್ಬಳ ಜೊತೆ ಒಂದು ಕೋಣೆಯ ಆಫೀಸು ತೆರೆದಳು. ಅವಳ ಪೋಡಿನವರ ಅರಣ್ಯ ಹಕ್ಕಿನ ಅರ್ಜಿಗಳನ್ನು ಈಗ ಅವಳೇ ನೋಡುತ್ತಾಳೆ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ನಾನು ನಿವೃತ್ತಳಾಗುವ ವಾರ ಗೌರಮ್ಮ ಆರ್.ಟಿ. ನಗರದ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಹೊಸ ಕಡತ. ಸೊಸೆಯ ತವರಿನ ಆಸ್ತಿಯದೇನೋ ತಕರಾರಂತೆ. ಸಾರ್ ಎಂದಿನಂತೆ ಕೈ ಚಾಚಿದರು. ಗೌರಮ್ಮ ಕಡತವನ್ನು ಸೆರಗಿನೊಳಗೆ ಎಳೆದುಕೊಂಡಳು.

“ನಿಮ್ಗಲ್ಲ ಸಾಮಿ. ತಪ್ಪು ತಿಳ್ಕೋಬ್ಯಾಡಿ. ಆ ಉಡುಗಿ ಲಾಯರಾಗವ್ಳಂತಲ್ಲ, ಅವ್ಳ ಅಡ್ರೆಸ್ ಕೊಡಿ ಅಂತ ಬಂದೆ.”

ಸಾರ್ ಒಂದು ಕ್ಷಣ ಚಾಚಿದ ಕೈಯನ್ನು ಹಾಗೇ ಹಿಡಿದಿದ್ದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಾನು ಮೂವತ್ತನಾಲ್ಕು ವರ್ಷದಲ್ಲಿ ಕೇಳದಷ್ಟು ಜೋರಾಗಿ ನಕ್ಕರು. “ಕೇಳಿದ್ರಾ ಸರೋಜಮ್ಮ? ನನ್ನ ಕ್ಲೈಂಟನ್ನೇ ಹಾರಿಸ್ಕೊಂಡು ಹೋದ್ಲು!” ಕಣ್ಣು ಒರೆಸಿಕೊಂಡು, “ಇವತ್ತು ನಿಮಗೆ ಅರ್ಧ ದಿನ ರಜೆ. ನೀವೇ ಕರ್ಕೊಂಡ್ ಹೋಗಿ ಬಿಟ್ಟು ಬನ್ನಿ,” ಎಂದರು.

ಯಲಹಂಕ ತಲುಪಿದಾಗ ಮಧ್ಯಾಹ್ನ ಮೂರು. ಮಾದೇವಿಯ ಆಫೀಸಿನ ಹೊರಗೆ ಒಂದು ಬೆಂಚು, ಅದರ ಮೇಲೆ ನಾಲ್ಕು ಜನ. ಒಳಗೆ ಹೋಗಿ ನಾನು ಬಂದಿದ್ದೇನೆ ಎನ್ನಬಹುದಿತ್ತು. ಅನ್ನಬೇಕೆನ್ನಿಸಲಿಲ್ಲ. ನಾನೂ ಗೌರಮ್ಮನೂ ಸಾಲಿನ ಕೊನೆಯಲ್ಲಿ ಕೂತೆವು. ಬಾಗಿಲಿನ ಆಚೆಯಿಂದ ಅವಳ ದನಿ ಕೇಳಿಸುತ್ತಿತ್ತು, ಯಾರಿಗೋ ಏನನ್ನೋ ನಿಧಾನವಾಗಿ, ಅವಸರವಿಲ್ಲದೆ ಹೇಳುತ್ತಿದ್ದಳು. ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಬೆಂಚು ಖಾಲಿಯಾಯಿತು.

“ಮುಂದಿನೋರು ಯಾರಿದೀರಾ, ಬನ್ನಿ,” ಎಂದಳು ವಕೀಲೆ ಮಾದೇವಿ.

ಗೌರಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು, ನನಗಿಂತ ಮೊದಲು ಎದ್ದಳು.